ಹೆಸರಿಲ್ಲದ ನೆಲ, ಹೆಸರಿಲ್ಲದ ನೀರು

ನಾಮ ಮತ್ತು ರೂಪ ಎಂಬ ಎರಡು ಮಾತುಗಳನ್ನು ನಮ್ಮ ಹಿರಿಯರು ಬಿಡಿಬಿಡಿಯಾಗಿ ಆಡಿದ್ದಕ್ಕಿಂತ ‘ನಾಮರೂಪ’ ಎಂದು ಜೋಡಿಸಿ ಆಡಿದ್ದೇ ಹೆಚ್ಚು. ರೂಪವುಳ್ಳದ್ದಕ್ಕೆಲ್ಲ ನಾಮವೂ ಇರುತ್ತದೆಂಬ ನಂಬಿಕೆ ಆ ಜೋಡಿಪದದೊಳಗೆ ಅಡಗಿದೆ. ಮಗುವನ್ನು ತೊಟ್ಟಿಲಿಗೆ ಹಾಕಿದ ದಿನವೇ ಹೆಸರಿಡುತ್ತೇವೆ. ಕೊಟ್ಟಿಗೆಯ ಹಸುವಿಗೆ, ಗಾಡಿಯ ಎತ್ತಿಗೆ, ಬಾಗಿಲ ನಾಯಿಗೆ ಹೆಸರಿಡುತ್ತೇವೆ. ಹಾಗಾದರೆ ನಮ್ಮ ಮುತ್ತಜ್ಜಂದಿರು ಕಣ್ಣುಬಿಡುವ ಎಷ್ಟೋ ಕಾಲ ಮೊದಲಿನಿಂದ ನಿಂತಿರುವ ಗುಡ್ಡಗಳಿಗೆ, ಹರಿಯುತ್ತಿರುವ ಹಳ್ಳಗಳಿಗೆ, ಚಾಚಿಕೊಂಡಿರುವ ದಿಣ್ಣೆಗಳಿಗೆಲ್ಲ ಹೆಸರುಂಟೆ? ಯಾರೂ ಯಾವ ಕಾಲಕ್ಕೂ ಹೆಸರಿಡದೆ ಉಳಿದ ನೆಲವೆಂಬುದು ಲೋಕದಲ್ಲಿ ಇದೆಯೆ?

ಈ ಪ್ರಶ್ನೆ ಕೇಳಿದ ಕೂಡಲೆ ನಮ್ಮ ಮನಸ್ಸು ಹಿಮಾಲಯದ ಶಿಖರಗಳಿಗೋ ದಕ್ಷಿಣಧ್ರುವದ ಹಿಮದ ಬಯಲಿಗೋ ಹಾರುತ್ತದೆ. ಅಷ್ಟು ದೂರ ಹೋಗುವ ಅಗತ್ಯವಿಲ್ಲವೆಂದು ತೋರಿಸುವುದೇ ಈ ಮಾತುಗಳ ಉದ್ದೇಶ. ನಾನು ಹುಟ್ಟಿ ಬೆಳೆದದ್ದು ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಆಸುಪಾಸಿನಲ್ಲಿ. ಬಹುಕಾಲ ಮಕ್ಕಳಿಗೆ ಭೂಗೋಳದ ಪಾಠ ಹೇಳಿದವನು. ಹೆಸರಿಲ್ಲದ ನೆಲವನ್ನು ನೋಡಬೇಕೆನ್ನುವವರು ಆ ಊರಿನಿಂದ ಯಾವ ದಿಕ್ಕಿಗೆ ಅರ್ಧ ಗಂಟೆ ನಡೆದರೂ ಸಾಕೆಂದು ಧೈರ್ಯವಾಗಿ ಹೇಳಬಲ್ಲೆ.

ಮೊದಲು ಊರಿನ ಹೆಸರನ್ನೇ ನೋಡೋಣ. ‘ನಲ್’ ಎಂದರೆ ಒಳ್ಳೆಯ ಎಂದರ್ಥ. ನಲ್ಮೆ, ನಲ್ಲ, ನಲ್ಲೆ ಎಂಬ ಮಾತುಗಳಲ್ಲಿ ಇಂದಿಗೂ ಉಳಿದಿರುವ ಹಳೆಯ ಶಬ್ದವದು. ನಲ್ಲೂರು ಎಂದರೆ ಒಳ್ಳೆಯ ಊರು. ಆದರೆ ಒಳ್ಳೆಯ ಊರು ಎಂದು ತಮ್ಮೂರನ್ನು ಕರೆದುಕೊಂಡವರು ನಾವು ಮಾತ್ರವೇ ಅಲ್ಲ. ದೇವನಹಳ್ಳಿ ತಾಲ್ಲೂಕಿನಲ್ಲಿ ಒಂದು ನಲ್ಲೂರಿದೆ. ಅಲ್ಲಿಯ ಪುರಾತನ ಹುಣಸೆಯ ತೋಪು 2007ರಲ್ಲಿ ದೇಶದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ತಮಿಳುನಾಡಿನಲ್ಲಂತೂ ನಲ್ಲೂರುಗಳಿಗೆ ಲೆಕ್ಕವಿಲ್ಲ. ಹೀಗಾಗಿ ನಮ್ಮೂರಿಗೆ ಕಾಗದ ಬರೆಯುವವರು ತಾಲ್ಲೂಕಿನ ಹೆಸರನ್ನೂ ಜಿಲ್ಲೆಯ ಹೆಸರನ್ನೂ ಸೇರಿಸಬೇಕು. ಆ ಜಿಲ್ಲೆಯೂ ಬದಲಾಯಿತು. 1997ರ ವರೆಗೆ ಚನ್ನಗಿರಿ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು, ಆ ವರ್ಷ ದಾವಣಗೆರೆ ಜಿಲ್ಲೆಯಾದ ಮೇಲೆ ಇತ್ತ ಬಂತು. ಊರು ಕದಲಲಿಲ್ಲ, ವಿಳಾಸ ಕದಲಿತು.

ನಮ್ಮ ಸೀಮೆಯ ಹೆಸರು ಇನ್ನೂ ಸ್ವಾರಸ್ಯವಾದುದು. ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬಯಲುಸೀಮೆ. ನಡುವೆ ಇರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಕಡೆಯ ಪಟ್ಟಿಗೆ ಅರೆಮಲೆನಾಡು ಎನ್ನುತ್ತಾರೆ. ಎಂದರೆ ಈ ಪಟ್ಟಿಗೆ ಸ್ವಂತ ಹೆಸರಿಲ್ಲ. ನೆರೆಯವರ ಹೆಸರಿಗೆ ‘ಅರೆ’ಯನ್ನು ಹಚ್ಚಿಕೊಂಡು ಕಾಲ ಕಳೆಯುತ್ತಿದೆ. ಮಳೆ ಎಲ್ಲಿ ಕಡಮೆಯಾಗತೊಡಗುತ್ತದೆ, ಅಡಕೆ ಎಲ್ಲಿ ಮುಗಿದು ಜೋಳದ ಹೊಲ ಎಲ್ಲಿ ತೊಡಗುತ್ತದೆ ಎಂಬುದು ರೈತನಿಗೆ ಗೊತ್ತು. ಆದರೆ ಆ ಗಡಿಗೆ ಯಾರೂ ಹೆಸರಿಟ್ಟಿಲ್ಲ. ಬೋರ್‌ವೆಲ್ ಮತ್ತು ನಾಲೆಯ ನೀರಿನ ಬೆನ್ನುಹತ್ತಿ ಅಡಕೆ ಪೂರ್ವಕ್ಕೆ ಸರಿಯುತ್ತಿರುವ ಈ ದಿನಗಳಲ್ಲಿ ಆ ಗಡಿ ನಿಂತಲ್ಲಿ ನಿಲ್ಲುವುದೂ ಇಲ್ಲ.

ಹೆಸರು ಹೇಗೆ ಹುಟ್ಟುತ್ತದೆ, ಏಕೆ ಹುಟ್ಟುವುದಿಲ್ಲ ಎಂಬುದನ್ನು ನನಗೆ ಅತ್ಯಂತ ಸ್ಪಷ್ಟವಾಗಿ ತಿಳಿಸಿದವರು ಒಬ್ಬ ಕುರಿಗಾಹಿ ಅಜ್ಜ. ಹೊಲಗಳಾಚೆ ಎದ್ದು ಕಾಣುವ ಕುರುಚಲು ಗುಡ್ಡವೊಂದನ್ನು ತೋರಿಸಿ, “ಅಜ್ಜಾ, ಆ ಗುಡ್ಡದ ಹೆಸರೇನು?” ಎಂದು ಕೇಳಿದೆ.

“ಅದಾ? ಗುಡ್ಡ.”

“ಗುಡ್ಡ ಸರಿ, ಅದರ ಹೆಸರು?”

“ನಮಗಿರೋದು ಅದೊಂದೇ ಐತಲ್ರೀ ಮೇಷ್ಟ್ರೇ. ಎರಡಿದ್ರೆ ಹೆಸ್ರು ಬೇಕಾಗ್ತಿತ್ತು.”

ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಗುಡ್ಡದ ಒಳಗಿನ ಸಂಗತಿಗಳನ್ನು ವಿಚಾರಿಸಿದಾಗ ಅಜ್ಜನ ಬಾಯಿಂದ ಹೆಸರುಗಳು ಒಂದರ ಹಿಂದೊಂದು ಬಂದವು. ಮಳೆಗಾಲದಲ್ಲಿ ಮೂರು ತಿಂಗಳು ಜಿನುಗುವ ಒರತೆಗೊಂದು ಹೆಸರು, ಕುರಿ ಒರಗುವ ಹಾಸುಬಂಡೆಗೊಂದು, ಕಾಲು ಜಾರುವ ಕೊರಕಲಿಗೊಂದು, ತೋಳ ಕಾಣಿಸಿಕೊಂಡ ಪೊದೆಗೊಂದು. ಇಷ್ಟೆಲ್ಲ ಹೆಸರು ಏಕೆಂದರೆ, ಕುರಿ ಕಳೆದರೆ ಎಲ್ಲಿ ಕಳೆಯಿತೆಂದು ಇನ್ನೊಬ್ಬನಿಗೆ ಕೂಗಿ ಹೇಳಬೇಕು. ಇಡೀ ಗುಡ್ಡಕ್ಕೆ ಹೆಸರಿಲ್ಲ; ಅದರ ಮೈಮೇಲಿನ ಮಚ್ಚೆಗಳಿಗೆಲ್ಲ ಹೆಸರಿದೆ.

ಸ್ಥಳನಾಮಶಾಸ್ತ್ರದ ಮೂಲಸೂತ್ರವೇ ಈ ಮಾತಿನಲ್ಲಿದೆಯೆಂದು ನನಗೆ ತೋರಿತು. ಒಂದೇ ಇದ್ದಾಗ ಜಾತಿವಾಚಕವೇ ಸಾಕು. ಎರಡಾದಾಗ ಅಂಕಿತನಾಮ ಹುಟ್ಟುತ್ತದೆ. ಒಂದೇ ಕೆರೆಯುಳ್ಳ ಊರಿನಲ್ಲಿ ಅದು ಕೆರೆ. ಎರಡನೆಯದನ್ನು ಕಟ್ಟಿದ ದಿನ ಮೊದಲನೆಯದು ಹಿರೇಕೆರೆಯಾಗುತ್ತದೆ, ಎರಡನೆಯದು ಹೊಸಕೆರೆಯಾಗುತ್ತದೆ. ಆ ಹೊಸಕೆರೆ ಮುನ್ನೂರು ವರ್ಷ ಹಳತಾದರೂ ಹೊಸಕೆರೆಯೇ. ಸಹ್ಯಾದ್ರಿ ಎಂಬ ದೊಡ್ಡ ಹೆಸರು ಪುಸ್ತಕದಲ್ಲಿದೆ; ಅದರ ತಪ್ಪಲಿನಲ್ಲಿ ಬದುಕುವ ಜನಕ್ಕೆ ಅದು ಬರಿಯ ಘಟ್ಟ. ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಎಂದಷ್ಟೇ ಮಾತು. ಆದರೆ ಆ ಘಟ್ಟವನ್ನು ಹತ್ತಿ ಇಳಿಯುವ ದಾರಿಗಳಿಗೆ ತಪ್ಪದೆ ಹೆಸರಿದೆ: ಆಗುಂಬೆ, ಬಾಳೆಬರೆ, ಚಾರ್ಮಾಡಿ, ಶಿರಾಡಿ. ದಾರಿಗಳು ಹಲವು, ಯಾವ ದಾರಿಯೆಂದು ಹೇಳದೆ ಗಾಡಿ ಹೂಡುವಂತಿಲ್ಲ.

ನಮ್ಮ ತಾಲ್ಲೂಕಿನ ಸೂಳೆಕೆರೆಯಲ್ಲಿಯೂ ಇದೇ ನ್ಯಾಯ ಕಾಣುತ್ತದೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಏರಿ ಹಾಕಿ, ಹರಿದ್ರಾ ನದಿಯ ನೀರನ್ನು ತಡೆದು ಕಟ್ಟಿದ ಕೆರೆಯದು. ದಕ್ಷಿಣ ಭಾರತದ ಹಿರಿಯ ಕೆರೆಗಳ ಸಾಲಿಗೆ ಸೇರಿದ್ದು. ಅದರ ಎರಡು ತೂಬುಗಳಿಗೆ ಸಿದ್ದ, ಬಸವ ಎಂದು ಹೆಸರಿವೆ. ಯಾವ ತೂಬು ಎತ್ತಿದರೆ ಯಾರ ಗದ್ದೆಗೆ ನೀರು ಎಂಬುದು ಅನ್ನದ ಪ್ರಶ್ನೆ. ಅನ್ನದ ಪ್ರಶ್ನೆ ಇರುವಲ್ಲಿ ಕಲ್ಲಿನ ತೂಬಿಗೂ ಮನುಷ್ಯರ ಹೆಸರು ಬರುತ್ತದೆ. ಅದೇ ಕೆರೆಗೆ ನೀರು ತರುವ ನೂರಾರು ಸಣ್ಣ ಹಳ್ಳಗಳನ್ನು ಕರೆಯುವುದಕ್ಕೆ ‘ಹಳ್ಳ’ ಎಂಬೊಂದೇ ಮಾತು ಸಾಕಾಗಿದೆ.

ಹಿಂದಿನವರು ನೆಲದ ಗುರುತುಗಳನ್ನು ಎಷ್ಟು ಎಚ್ಚರದಿಂದ ಬರೆದಿಡುತ್ತಿದ್ದರೆಂಬುದು ಶಾಸನಗಳನ್ನು ಓದಿದವರಿಗೆ ಗೊತ್ತು. ಬಿ. ಎಲ್. ರೈಸರು 1902ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ದಾನಕೊಟ್ಟ ಭೂಮಿಯ ಚತುಸ್ಸೀಮೆಯನ್ನು ಹೇಳುವಾಗ ಕನ್ನಡ ಶಾಸನಗಳು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ನಾಲ್ಕು ದಿಕ್ಕಿನ ಗುರುತುಗಳನ್ನು ಒಂದೊಂದಾಗಿ ಎಣಿಸುತ್ತವೆ. ಮರ, ಹುತ್ತ, ನಟ್ಟ ಕಲ್ಲು, ಹಳ್ಳ, ಕೆರೆಯ ಕೋಡಿ ಇವೇ ಆ ಗುರುತುಗಳು. ಅವುಗಳಲ್ಲಿ ಎಷ್ಟೋ ಗುರುತುಗಳಿಗೆ ಅಂಕಿತನಾಮವಿಲ್ಲ, ಆದರೂ ಬರೆದಿಟ್ಟಿದ್ದಾರೆ. ಹೆಸರಿಲ್ಲದಿದ್ದರೂ ಲೆಕ್ಕದಲ್ಲಿದ್ದವು ಎಂಬುದನ್ನು ನಾವು ಗಮನಿಸಬೇಕು. ನೆಲದ ಹೆಸರುಗಳಿಂದ ನಾಡಿನ ಚರಿತ್ರೆಯನ್ನೇ ಬಿಡಿಸಿ ನೋಡಬಹುದೆಂದು ತೋರಿಸಿದ ಶಂ. ಬಾ. ಜೋಶಿಯವರು ತಮ್ಮ ಒಂದು ಕೃತಿಗೆ ‘ಎಡೆಗಳು ಹೇಳುವ ಕಂನಾಡ ಕಥೆ’ ಎಂದೇ ಹೆಸರಿಟ್ಟರು. ಹೆಸರಿಲ್ಲದ ಎಡೆಗಳಿಗೂ ಒಂದು ಕಥೆಯುಂಟೆಂದು ಅವರ ಮಾತಿಗೆ ಸೇರಿಸಬಹುದು.

ಆ ಮೇಲೆ ಅಳತೆಯ ಸರಪಳಿ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಕೂಡಲೆ ಕಾಲಿನ್ ಮೆಕೆಂಝಿ ಮೈಸೂರು ಸೀಮೆಯ ಮೋಜಣಿಗೆ ತೊಡಗಿದ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಬಳಿ ಆಧಾರರೇಖೆಯೊಂದನ್ನು ಅಳೆದು, ತ್ರಿಕೋನಗಳನ್ನು ಹೆಣೆಯುತ್ತ ಮೈಸೂರು ಸೀಮೆಯನ್ನು ದಾಟಿ ಪಶ್ಚಿಮದ ಕಡಲತೀರದವರೆಗೂ ಬಂದ. 1863ರಿಂದ ಮೈಸೂರಿನಲ್ಲಿ ಕಂದಾಯ ಮೋಜಣಿ ನಡೆದು, ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು ಬಿತ್ತು. ಹುಣಸೆಮರದ ಹೊಲ, ದಿಣ್ಣೆ ಹೊಲ, ಕಲ್ಲುಹೊಲ ಎಂದು ಮನೆಮಂದಿ ಕರೆಯುತ್ತಿದ್ದುದು ಕಚೇರಿಯ ಪುಸ್ತಕದಲ್ಲಿ ಅಂಕಿಯಾಯಿತು. ಅಂಕಿಯೂ ಒಂದು ಬಗೆಯ ಹೆಸರೇ ಸರಿ. ಆದರೆ ಅದು ಬಾಯಿಯಿಂದ ಬಾಯಿಗೆ ಹೋಗದು. ಕಾಗದದಿಂದ ಕಾಗದಕ್ಕೆ ಮಾತ್ರ ಹೋಗುತ್ತದೆ.

ಅಂಕಿಯೇ ಹೆಸರಾಗಿ ನಿಂತ ಪ್ರಸಿದ್ಧ ಉದಾಹರಣೆ ಲೋಕದ ಎರಡನೆಯ ಅತ್ಯುನ್ನತ ಶಿಖರದ್ದು. 1856ರಲ್ಲಿ ಮೋಜಣಿದಾರ ಮಾಂಟ್‌ಗೊಮೆರಿ ಕಾಶ್ಮೀರದ ಒಂದು ಬೆಟ್ಟದ ಮೇಲೆ ನಿಂತು, ದೂರದ ಕಾರಕೋರಂ ಸಾಲಿನ ಶಿಖರಗಳನ್ನು ಕೆ-1, ಕೆ-2 ಎಂದು ಗುರುತು ಹಾಕಿಕೊಂಡ. ಕೆ-1ಕ್ಕೆ ಮಾಷೆರ್‌ಬ್ರುಂ ಎಂಬ ಸ್ಥಳೀಯ ಹೆಸರಿರುವುದು ತಿಳಿದು ಅಂಕಿ ಬಿದ್ದುಹೋಯಿತು. ಕೆ-2 ಮಾತ್ರ ಹಾಗೆಯೇ ಉಳಿಯಿತು. 8,611 ಮೀಟರು ಎತ್ತರದ ಶಿಖರಕ್ಕೆ ಊರವರ ಬಾಯಲ್ಲಿ ನೆಲೆನಿಂತ ಹೆಸರು ಸಿಕ್ಕದಿದ್ದುದಕ್ಕೆ ಕಾರಣ, ಅದು ಯಾವ ಊರಿನ ಅಂಗಳದಿಂದಲೂ ಕಾಣದಷ್ಟು ಒಳಗಿದ್ದುದು. ನಮ್ಮ ಕುರಿಗಾಹಿಯ ಸೂತ್ರ ಇಲ್ಲಿಯೂ ಸಲ್ಲುತ್ತದೆ. ಯಾರೂ ಯಾರಿಗೂ ತೋರಿಸಿ ಹೇಳಬೇಕಾಗಿರದ ವಸ್ತುವಿಗೆ ಹೆಸರು ಹುಟ್ಟುವುದಿಲ್ಲ, ಅದು ಎಷ್ಟೇ ಎತ್ತರವಾಗಿರಲಿ.

ಈಗ ನಮ್ಮ ಕೈಗೆ ಸಿಕ್ಕುವ ಭಾರತೀಯ ಸರ್ವೇಕ್ಷಣ ಇಲಾಖೆಯ ಭೂಪಟವನ್ನು ಬಿಡಿಸಿ ನೋಡಿ. ಅದರ ಪ್ರಮಾಣ ಐವತ್ತು ಸಾವಿರಕ್ಕೆ ಒಂದು. ಸಮೋನ್ನತ ರೇಖೆಗಳ ಅಂತರ ಸಾಮಾನ್ಯವಾಗಿ 20 ಮೀಟರು. ಊರುಗಳಿಗೆ ಹೆಸರಿದೆ, ದೊಡ್ಡ ಕೆರೆಗಳಿಗೆ ಹೆಸರಿದೆ, ಗುಡಿಯಿರುವ ಬೆಟ್ಟಕ್ಕೆ ಹೆಸರಿದೆ. ಮಿಕ್ಕ ಗುಡ್ಡಗಳ ನೆತ್ತಿಯ ಮೇಲೆ ಎತ್ತರದ ಅಂಕಿಯಷ್ಟೇ ಕಾಣುತ್ತದೆ. ಇಪ್ಪತ್ತು ಮೀಟರಿಗಿಂತ ತಗ್ಗಾದ ದಿಬ್ಬವಾದರೋ ಎರಡು ರೇಖೆಗಳ ನಡುವೆ ಸಿಕ್ಕಿ, ಇದ್ದೂ ಇಲ್ಲದಂತಾಗಬಹುದು. ಹಳ್ಳಗಳು ನೀಲಿ ಅಥವಾ ಕಪ್ಪು ಗೆರೆಗಳಾಗಿ ಮರದ ರೆಂಬೆಗಳಂತೆ ಹರಡಿಕೊಂಡಿವೆ. ಆದರೆ ಹೆಚ್ಚಿನ ಗೆರೆಗಳ ಪಕ್ಕದಲ್ಲಿ ಅಕ್ಷರವೇ ಇಲ್ಲ. ಹೀಗೆ ಹೆಸರಿಲ್ಲದೆ ಉಳಿದವುಗಳಲ್ಲಿ ಮೂರು ಬಗೆಗಳನ್ನು ಕಾಣಬಹುದು.

ಊರವರ ಬಾಯಲ್ಲಿ ಹೆಸರಿದ್ದು, ಕಾಗದದಲ್ಲಿ ಇಲ್ಲದವು ಒಂದು ಬಗೆ. ಅಜ್ಜನ ಒರತೆ, ಹಾಸುಬಂಡೆಗಳು ಈ ವರ್ಗದವು. ಜಾತಿವಾಚಕದಿಂದಲೇ ಕೆಲಸ ಸಾಗುವ ‘ಗುಡ್ಡ’, ‘ಹಳ್ಳ’ಗಳು ಎರಡನೆಯ ಬಗೆ. ಮೂರನೆಯ ಬಗೆಯವು ಮಾತ್ರ ಅಕ್ಷರಶಃ ಅನಾಮಿಕ. ಅವು ಕಣ್ಣಿಗೆ ಒಂದು ವಸ್ತುವಾಗಿ ಕಾಣುವುದೇ ಇಲ್ಲ. ಭೂಪಟದ ಮೇಲೆ ಬೆರಳಾಡಿಸಿದಾಗ ಮಾತ್ರ ಗೊತ್ತಾಗುತ್ತವೆ. ನಮ್ಮ ಜಿಲ್ಲೆಯ ಪಶ್ಚಿಮದ ನೀರು ಹರಿದ್ರೆಯ ಮುಖಾಂತರ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಜಗಳೂರಿನ ಕಡೆಯ ನೀರು ವೇದಾವತಿಯತ್ತ ಸಾಗಿ, ಬಹುದೂರ ಸುತ್ತಿ, ಬಳ್ಳಾರಿ ಜಿಲ್ಲೆಯಲ್ಲಿ ಅದೇ ತುಂಗಭದ್ರೆಯನ್ನು ಕೂಡುತ್ತದೆ. ಈ ಎರಡು ನೀರುಗಳನ್ನು ಬೇರೆಮಾಡುವ ಏಣು ಹೊಲಗಳ ನಡುವೆ, ರಸ್ತೆಗಳ ಅಡಿಯಲ್ಲಿ ಹಾದುಹೋಗುತ್ತದೆ. ಅದರ ಮೇಲೆ ನಿತ್ಯವೂ ಎತ್ತಿನ ಗಾಡಿಗಳೂ ಬಸ್ಸುಗಳೂ ಓಡಾಡುತ್ತವೆ. ಒಂದೇ ಹೊಲದ ಮೇಲೆ ಸುರಿದ ಒಂದೇ ಮಳೆಯ ಎರಡು ಹನಿಗಳು ಅಲ್ಲಿ ಅಗಲಿ, ನೂರಾರು ಕಿಲೋಮೀಟರುಗಳ ಅನಂತರ ಮತ್ತೆ ಭೇಟಿಯಾಗಬಹುದು. ಇಷ್ಟು ದೊಡ್ಡ ಕೆಲಸ ಮಾಡುವ ಆ ನೆಲದೇಣಿಗೆ ಜಲವಿಭಾಜಕ ಎಂಬ ಪಾಠಪುಸ್ತಕದ ಮಾತನ್ನು ಬಿಟ್ಟರೆ ಬೇರೆ ಹೆಸರಿಲ್ಲ.

ಹಳ್ಳಗಳ ವಿಷಯದಲ್ಲಿ ವಿಜ್ಞಾನ ಒಂದು ಮುಖ್ಯವಾದ ಮಾತನ್ನು ಹೇಳಿದೆ. ಅಮೆರಿಕದ ಇಂಜಿನಿಯರ್ ರಾಬರ್ಟ್ ಹಾರ್ಟನ್ 1945ರಲ್ಲಿ ನದಿಗಳ ಕವಲುಗಳನ್ನು ತರಗತಿಗಳಾಗಿ ವಿಂಗಡಿಸಿದ; ಆತನ ಕ್ರಮವನ್ನು ಆರ್ಥರ್ ಸ್ಟ್ರಾಹ್ಲರ್ ಮುಂದೆ ತಿದ್ದಿದ. ಕವಲೇ ಇಲ್ಲದ ಮೊದಲ ಸೆಲೆ ಒಂದನೆಯ ತರಗತಿಯದು. ಅಂಥ ಎರಡು ಕೂಡಿದರೆ ಎರಡನೆಯ ತರಗತಿ, ಎರಡನೆಯದರ ಎರಡು ಕೂಡಿದರೆ ಮೂರನೆಯದು, ಹೀಗೆ. ಒಂದು ತರಗತಿಯ ಹಳ್ಳಗಳ ಸಂಖ್ಯೆ ಅದರ ಮೇಲಿನ ತರಗತಿಯದಕ್ಕಿಂತ ಸಾಮಾನ್ಯವಾಗಿ ಮೂರರಿಂದ ಐದು ಪಟ್ಟು ಹೆಚ್ಚು. ಲೆಕ್ಕ ಹಾಕಿ ನೋಡಿ. ಐದನೆಯ ತರಗತಿಯ ಒಂದು ಹೊಳೆಗೆ, ನಾಲ್ಕು ಪಟ್ಟಿನಂತೆ ಹಿಡಿದರೂ, ನಾಲ್ಕನೆಯ ತರಗತಿಯವು ನಾಲ್ಕು, ಮೂರನೆಯದರವು ಹದಿನಾರು, ಎರಡನೆಯದರವು ಅರವತ್ತನಾಲ್ಕು, ಮೊದಲನೆಯದರವು ಇನ್ನೂರೈವತ್ತಾರು. ಹೆಸರಿರುವುದು ಮೇಲಿನ ಒಂದಕ್ಕೆ, ಹೆಚ್ಚೆಂದರೆ ಅದರ ಕೆಳಗಿನ ನಾಲ್ಕಾರಕ್ಕೆ. ಲೋಕದ ಹರಿವ ನೀರಿನ ದಾರಿಗಳಲ್ಲಿ ಬಹುಪಾಲು ಹೆಸರಿಲ್ಲದವೆಂದು ಇದರಿಂದ ತಿಳಿಯುತ್ತದೆ. ಹೆಸರುಳ್ಳ ನದಿ ಹೆಸರಿಲ್ಲದ ಹಳ್ಳಗಳ ಕೂಸು.

ಈ ವಿಚಾರ ಬರಿಯ ಕುತೂಹಲದ್ದೆಂದು ನಾನು ಬಗೆದಿದ್ದೆನಾದರೆ ಇಲ್ಲಿಗೆ ಮಾತು ಮುಗಿಸಬಹುದಿತ್ತು. ಆದರೆ ಒಂದು ಮಳೆಗಾಲದ ಮರುದಿನಗಳಲ್ಲಿ ಒಂದು ಕಚೇರಿಯಲ್ಲಿ ನನ್ನ ಕಣ್ಣೆದುರೇ ನಡೆದ ಮಾತುಕತೆಯನ್ನು ನಾನು ಮರೆಯಲಾರೆ. ವಯಸ್ಸಾದ ಹೆಣ್ಣುಮಗಳೊಬ್ಬಳು ದೂರು ಹೇಳಲು ಬಂದಿದ್ದಳು. ಅವಳ ಹೊಲದ ಮಗ್ಗುಲಿನ ಹಳ್ಳವನ್ನು ಯಾರೋ ಮಣ್ಣುತುಂಬಿ ಸಮಮಾಡಿ ಅಡಕೆ ಸಸಿ ನಟ್ಟಿದ್ದರು. ನೀರು ತನ್ನ ದಾರಿ ತಪ್ಪಿ ಅವಳ ಎರಡೆಕರೆ ಮೆಕ್ಕೆಜೋಳದ ಮೇಲೆ ಹರಿದು, ಮೇಲ್ಮಣ್ಣನ್ನೂ ಎಳೆದುಕೊಂಡು ಹೋಗಿತ್ತು.

“ಯಾವ ಹಳ್ಳಮ್ಮ?” ಎಂದರು ಬರೆದುಕೊಳ್ಳುತ್ತಿದ್ದವರು.

“ನಮ್ಮ ಹೊಲದ ಮಗ್ಗಲಾಗಿನ ಹಳ್ಳ ಸ್ವಾಮಿ.”

“ಹೆಸರಿಲ್ಲವೆ?”

“ಹಳ್ಳಕ್ಕೇನು ಹೆಸ್ರು ಐತ್ರೀ? ಹಳ್ಳ ಅಂದ್ರೆ ಹಳ್ಳ. ಮಳೆಗಾಲದಾಗ ಹರೀತೈತಿ.”

ಕೇಳಿದವರಲ್ಲಿ ದುರುದ್ದೇಶವೇನೂ ಇರಲಿಲ್ಲ. ಬರೆದುಕೊಳ್ಳುವುದಕ್ಕೆ ಅವರಿಗೊಂದು ಪದ ಬೇಕಾಗಿತ್ತು, ಅವಳಲ್ಲಿ ಆ ಪದವಿರಲಿಲ್ಲ. ಅರ್ಜಿಯಲ್ಲಿ ಅವಳ ಹೊಲದ ಸರ್ವೆ ನಂಬರು ಬಂತು, ನಷ್ಟವಾದ ಬೆಳೆ ಬಂತು. ಹಳ್ಳ ಮಾತ್ರ ಬರಲಿಲ್ಲ. ಹೆಸರಿದ್ದ ಕೆರೆಯೊಂದನ್ನು ಮುಚ್ಚಿದ್ದರೆ ಊರಿಗೆ ಊರೇ ಅದರ ಹೆಸರು ಹಿಡಿದು ಕೂಗುತ್ತಿತ್ತು. ಹೆಸರಿಲ್ಲದ್ದು ಕಾಣೆಯಾದರೆ ಏನು ಕಾಣೆಯಾಯಿತೆಂದು ಹೇಳುವುದೇ ಕಷ್ಟ.

ಕಾನೂನು ಹೆಸರನ್ನು ಕೇಳುವುದಿಲ್ಲವೆಂಬುದು ನಿಜ. ಕರ್ನಾಟಕದ 1966ರ ಭೂಕಂದಾಯ ನಿಯಮಗಳ ಪ್ರಕಾರ ಸಾಗುವಳಿಗೆ ಬಾರದ ನೆಲ ‘ಎ’ ಖರಾಬು. ಹಳ್ಳ, ದಾರಿ, ಕೆರೆ, ಸ್ಮಶಾನ ಮೊದಲಾದ ಸಾರ್ವಜನಿಕ ಉಪಯೋಗದ ನೆಲ ‘ಬಿ’ ಖರಾಬು. ಖರಾಬು ಎಂದರೆ ಕೆಟ್ಟದ್ದು. ಕಂದಾಯ ಹುಟ್ಟದ ನೆಲವೆಲ್ಲ ಕೆಟ್ಟದ್ದೆಂಬ ಹಳೆಯ ಲೆಕ್ಕದಲ್ಲಿ, ಊರಿಗೆ ನೀರು ತರುವ ಹಳ್ಳವೂ ಖರಾಬಿನ ಕಲಮಿಗೆ ಬಿತ್ತು. ಎಂಟಂಗುಲಕ್ಕೆ ಒಂದು ಮೈಲಿಯ ಹಳೆಯ ಗ್ರಾಮನಕಾಶೆಯಲ್ಲಿ ಅದರ ಗೆರೆಯಿದೆ, ವಿಸ್ತೀರ್ಣವೂ ಗುಂಟೆಗಳ ಲೆಕ್ಕದಲ್ಲಿದೆ. ಇದ್ದರೂ, ನಕಾಶೆಯನ್ನು ತೆಗೆಸಿ ಗೆರೆಯನ್ನು ಗುರುತಿಸಿ ಅಳತೆ ಮಾಡಿಸುವ ಶಕ್ತಿಯುಳ್ಳವರಿಗೆ ಮಾತ್ರ ಅದು ನೆರವಿಗೆ ಬರುತ್ತದೆ. ಸೂಳೆಕೆರೆಯಂಥ ಹಿರಿಯ ಕೆರೆಗೆ ನೀರು ಸಾಲದೆಂದು, ಹೂಳು ತುಂಬಿತೆಂದು ನಾವು ಸಭೆಗಳಲ್ಲಿ ಮರುಗುತ್ತೇವೆ. ಆ ಕೆರೆ ತುಂಬಬೇಕಾದರೆ ಇನ್ನೂರೈವತ್ತಾರರ ಲೆಕ್ಕದ ಆ ಅನಾಮಿಕ ಸೆಲೆಗಳು ತೆರೆದಿರಬೇಕೆಂಬುದನ್ನು ನೆನೆಯುವುದು ಅಪರೂಪ.

ಗುಡ್ಡಗಳ ಗತಿಯೂ ಇದೇ. ನಮ್ಮ ಸೀಮೆಯ ಅನೇಕ ಗುಡ್ಡಗಳ ಕಲ್ಲು ಧಾರವಾಡ ಶಿಲಾವರ್ಗಕ್ಕೆ ಸೇರಿದ್ದು. ಆ ವರ್ಗಕ್ಕೆ ಆ ಹೆಸರು ಕೊಟ್ಟವನು ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಅದರ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲು. ಗುಡ್ಡಕ್ಕೆ ಹೆಸರಿಲ್ಲ, ಗುಡ್ಡದ ಕಲ್ಲಿಗೆ ದೂರದ ಊರೊಂದರ ಹೆಸರು! ಗುಡಿಯಿರುವ ಬೆಟ್ಟವನ್ನು ಒಡೆಯಲು ಬಂದರೆ ಭಕ್ತರು ಅಡ್ಡನಿಲ್ಲುತ್ತಾರೆ. ಹೆಸರೂ ಇಲ್ಲದ, ದೇವರೂ ಇಲ್ಲದ ದಿಬ್ಬ ಜಲ್ಲಿಯಾಗಿ ಲಾರಿ ಹತ್ತಿದಾಗ ಕೇಳುವವರಾರು?

ನೆಲದ ಮಾತು ಹಾಗಿರಲಿ, ಜನವಸತಿಗಳೇ ಹೆಸರಿಲ್ಲದೆ ಇದ್ದುದುಂಟು. ಸಂತ ಸೇವಾಲಾಲರ ಜನ್ಮಸ್ಥಳವೆಂದು ಲಂಬಾಣಿ ಬಂಧುಗಳು ಗೌರವಿಸುವ ಸೂರಗೊಂಡನಕೊಪ್ಪ ನಮ್ಮ ನೆರೆಯ ನ್ಯಾಮತಿ ತಾಲ್ಲೂಕಿನಲ್ಲಿದೆ. ನಾಡಿನ ಎಷ್ಟೋ ತಾಂಡಾಗಳು, ಗೊಲ್ಲರ ಹಟ್ಟಿಗಳು, ಕ್ಯಾಂಪುಗಳು ತಲೆಮಾರುಗಳಿಂದ ಇದ್ದರೂ ಕಂದಾಯ ದಾಖಲೆಯಲ್ಲಿ ಗ್ರಾಮಗಳೆಂದು ನಮೂದಾಗಿರಲಿಲ್ಲ. ಅಲ್ಲಿ ವಾಸಿಸುವವರಿಗೆ ತಮ್ಮ ತಾಂಡಾದ ಹೆಸರು ಚೆನ್ನಾಗಿಯೇ ಗೊತ್ತು. ಕಚೇರಿಗೆ ಗೊತ್ತಿರಲಿಲ್ಲ, ಆದಕಾರಣ ಮನೆಯ ಅಡಿಯ ನೆಲಕ್ಕೆ ಹಕ್ಕುಪತ್ರವಿರಲಿಲ್ಲ. ಕಾಯ್ದೆ ತಿದ್ದಿ ಇವುಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸ ನಡೆದು, 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. ಕಾಗದದಲ್ಲಿ ಒಂದು ಹೆಸರು ಬೀಳುವುದರ ಬೆಲೆ ಎಷ್ಟೆಂಬುದನ್ನು ಆ ಕುಟುಂಬಗಳನ್ನು ಕೇಳಬೇಕು.

ಹಾಗಾದರೆ ಎಲ್ಲಕ್ಕೂ ಹೆಸರಿಟ್ಟುಬಿಡೋಣವೆ? ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು. ಹೆಸರಿಡುವುದರಲ್ಲಿ ಒಡೆತನದ ಗಾಳಿಯೂ ಬೀಸುತ್ತದೆ. ಹಿಮಾಲಯದ ಹದಿನೈದನೆಯ ನಂಬರಿನ ಶಿಖರ ಲೋಕದಲ್ಲೇ ಎತ್ತರವಾದದ್ದೆಂಬುದು 1852ರಲ್ಲಿ ರಾಧಾನಾಥ ಸಿಕ್ದರರ ಗಣಿತದಿಂದ ತಿಳಿಯಿತು. 1865ರಲ್ಲಿ ಅದಕ್ಕೆ ಎವರೆಸ್ಟ್ ಎಂಬ ಹೆಸರು ನಿಂತಿತು. ಆ ಹೆಸರಿನವರಾದ ಜಾರ್ಜ್ ಎವರೆಸ್ಟರೇ, ಈ ನಾಡಿನವರಿಗೆ ಇದು ಉಚ್ಚರಿಸಲು ಬಾರದೆಂದು ಆಕ್ಷೇಪಿಸಿದ್ದರು. ಉತ್ತರದ ಮಗ್ಗುಲಿನ ಟಿಬೆಟಿಯರು ಅದನ್ನು ಬಹುಕಾಲದಿಂದ ಚೊಮೊಲುಂಗ್ಮಾ ಎನ್ನುತ್ತಿದ್ದರು. ಹೆಸರಿಲ್ಲದ ಶಿಖರಕ್ಕೆ ಹೆಸರಿಟ್ಟೆವೆಂದುಕೊಂಡವರು ಇದ್ದ ಹೆಸರೊಂದನ್ನು ಕೇಳಿಸಿಕೊಂಡಿರಲಿಲ್ಲ.

ನಮ್ಮ ಸೂಳೆಕೆರೆಯ ಹೆಸರಿನ ಕಥೆಯೂ ಇಂಥದೇ. ಶಾಂತವ್ವೆ ಎಂಬ ರಾಜಕುಮಾರಿ ಈ ಕೆರೆಯನ್ನು ಕಟ್ಟಿಸಿದಳೆಂದು ಪ್ರತೀತಿ. ಕೆರೆಗೆ ಬೇಕಾದ ನೆಲ ವೇಶ್ಯೆಯರಿಗೆ ಸೇರಿದ್ದು, ಕೆರೆಗೆ ತಮ್ಮ ಹೆಸರು ನಿಲ್ಲಬೇಕೆಂಬ ಒಂದೇ ಷರತ್ತಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರೆಂದು ಜನ ಹೇಳುತ್ತಾರೆ. ನಾಗರಿಕರ ನಾಲಗೆಗೆ ಆ ಹೆಸರು ಮುಜುಗರವೆನಿಸಿ ಈಗ ಬೋರ್ಡುಗಳ ಮೇಲೆ ಶಾಂತಿಸಾಗರವೆಂದಿದೆ. ಶಾಂತವ್ವೆಯ ನೆನಪು ಅದರಲ್ಲಿ ಉಳಿಯಿತೆನ್ನುವುದು ಸಂತೋಷವೇ. ಆದರೆ ನೆಲ ಬಿಟ್ಟುಕೊಟ್ಟ ಹೆಂಗಸರು ಕೇಳಿದ ಒಂದೇ ಬೆಲೆಯನ್ನು ನಾವು ಹಿಂದಕ್ಕೆ ತೆಗೆದುಕೊಂಡಂತಾಯಿತೆಂದು ನನಗೆ ಅನಿಸುವುದುಂಟು. ಅದೃಷ್ಟವಶಾತ್ ಊರವರ ಬಾಯಿ ಬೋರ್ಡನ್ನು ಓದುವುದಿಲ್ಲ.

ಮನುಷ್ಯ ಕಾಲಿಡದ ಕಡೆ ಹೊಸ ಹೆಸರು ಅನಿವಾರ್ಯ. ಸಮುದ್ರದ ತಳದಲ್ಲಿ ಭೂಮಿಯ ಮೇಲಿರುವಂಥವೇ ಬೆಟ್ಟಸಾಲುಗಳಿವೆ, ಕಣಿವೆಗಳಿವೆ; ಬಹುಪಾಲಿಗೆ ಹೆಸರಿಲ್ಲ. ಅವುಗಳ ಹೆಸರುಗಳನ್ನು ಪರಿಶೀಲಿಸಿ ಒಪ್ಪುವುದಕ್ಕೆ ಅಂತರರಾಷ್ಟ್ರೀಯ ಸಮಿತಿಯೊಂದಿದೆ. ಅರಬ್ಬೀ ಸಮುದ್ರದ ತಳದ ಏಣೊಂದಕ್ಕೆ 1992ರಲ್ಲಿ ನಮ್ಮ ಸಿ. ವಿ. ರಾಮನ್ನರ ಹೆಸರು ಅಂಗೀಕೃತವಾಯಿತು. ಅಲ್ಲಿ ಕೇಳಿ ತಿಳಿಯಲು ಊರವರಿಲ್ಲ, ಆದ್ದರಿಂದ ಯಾರ ಹೆಸರನ್ನೂ ಅಳಿಸಿದಂತಾಗಲಿಲ್ಲ. ನೆಲದ ಮೇಲೆ ಹಾಗಲ್ಲ. ಭೌಗೋಳಿಕ ನಾಮಗಳ ಬಗ್ಗೆ ವಿಶ್ವಸಂಸ್ಥೆ ತನ್ನ ಮೊದಲ ಸಮ್ಮೇಳನವನ್ನು 1967ರಲ್ಲಿ ಜಿನೀವಾದಲ್ಲಿ ನಡೆಸಿದಂದಿನಿಂದ, ಸ್ಥಳಕ್ಕೆ ಹೋಗಿ, ಅಲ್ಲಿಯ ಜನರ ಬಾಯಿಂದಲೇ ಹೆಸರನ್ನು ಕೇಳಿ ಬರೆದುಕೊಳ್ಳಬೇಕೆಂಬ ಪದ್ಧತಿಗೆ ಒತ್ತು ಬಂದಿದೆ.

ಆದುದರಿಂದ ನನ್ನ ಸೂಚನೆ ಬಹು ಸಣ್ಣದು. ಹಳ್ಳಕ್ಕೆ ನಾಯಕರ ಹೆಸರು, ದಿಬ್ಬಕ್ಕೆ ದಾನಿಗಳ ಹೆಸರು ಬೇಡ. ಈಗಾಗಲೇ ಇರುವುದನ್ನು ಬರೆದಿಡೋಣ. ಪ್ರತಿ ಊರಿನ ಪ್ರೌಢಶಾಲೆಯ ಮಕ್ಕಳು ಒಂದು ಬೇಸಗೆಯಲ್ಲಿ ಗ್ರಾಮನಕಾಶೆಯ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು, ಕುರಿಗಾಹಿಗಳನ್ನೂ, ಸೌದೆಗೆ ಹೋಗುವ ಹೆಂಗಸರನ್ನೂ, ನೀರುಗಂಟಿಗಳನ್ನೂ ಕೇಳುತ್ತ ಸುತ್ತಲಿ. ಹೆಸರಿದ್ದರೆ ಹೆಸರು ಬರೆಯಲಿ. ಇಲ್ಲದಿದ್ದರೆ ಶಾಸನ ಬರೆಸಿದವರಂತೆ ಗುರುತು ಬರೆಯಲಿ: ಇಂಥವರ ಹೊಲದ ಬಡಗಲಿಗೆ, ಇಂಥ ಮರದ ಬುಡದಿಂದ ಹೊರಟು, ಇಂಥ ಕಟ್ಟೆಯನ್ನು ಸೇರುವ ಹಳ್ಳ, ಎಂದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಗಳ ಜೀವವೈವಿಧ್ಯ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆದಿಡಬೇಕಾಗಿದೆ. ಮರಗಿಡ, ಮೀನು, ಹಕ್ಕಿಗಳ ಪಟ್ಟಿಯ ಜೊತೆಗೆ ಅವು ಬದುಕುವ ಹಳ್ಳ, ದಿಬ್ಬ, ಒರತೆಗಳ ಪಟ್ಟಿಗೂ ಅಲ್ಲಿ ನಾಲ್ಕು ಹಾಳೆ ಸಿಕ್ಕದೆ ಹೋಗದು. ಗ್ರಾಮಸಭೆಯಲ್ಲಿ ಅದನ್ನು ಒಮ್ಮೆ ಗಟ್ಟಿಯಾಗಿ ಓದಿಸಿದರೆ ಸಾಕು.

ಇದಕ್ಕೆ ಹೆಚ್ಚು ಕಾಲವಿಲ್ಲವೆಂಬುದನ್ನೂ ಹೇಳಬೇಕು. ಕುರಿ ಮೇಯಿಸುವವರು ಕಡಮೆಯಾಗುತ್ತಿದ್ದಾರೆ, ಗುಡ್ಡಕ್ಕೆ ಹೋಗುವ ಕಾರಣಗಳು ಒಂದೊಂದಾಗಿ ಇಲ್ಲವಾಗುತ್ತಿವೆ. ಅಡುಗೆಗೆ ಗ್ಯಾಸು ಬಂದ ಮನೆಯ ಹೆಣ್ಣುಮಗಳಿಗೆ ಸೌದೆಯ ದಾರಿಯ ಬಂಡೆಗಳ ಹೆಸರು ಬೇಕಾಗಿಲ್ಲ, ಬೇಕಾಗದಿರುವುದು ಅವಳ ಪಾಲಿಗೆ ಒಳ್ಳೆಯದೇ. ಆದರೆ ಬಳಕೆ ತಪ್ಪಿದ ಹೆಸರು ಒಂದು ತಲೆಮಾರಿನಲ್ಲಿ ಅಳಿಯುತ್ತದೆ. ಹಾಗೆ ಅಳಿದ ಮೇಲೆ ಆ ಬಂಡೆ, ಎಂದೂ ಹೆಸರನ್ನೇ ಕಾಣದ ಬಂಡೆಗಳ ಗುಂಪಿಗೆ ಸೇರಿಹೋಗುತ್ತದೆ. ಬೇರೆಮಾಡಿ ಹೇಳಲು ಯಾರಿಗೂ ಬರುವುದಿಲ್ಲ.

ಇಷ್ಟೆಲ್ಲ ಬರೆದಿಟ್ಟ ಮೇಲೂ ಹೆಸರಿಲ್ಲದ ನೆಲ ಬೇಕಾದಷ್ಟು ಉಳಿಯುತ್ತದೆ, ಉಳಿಯಲಿ. ಮಳೆಯ ಹನಿ ಯಾವ ಹೆಸರನ್ನೂ ಕೇಳದೆ ತಗ್ಗಿನತ್ತ ಹೋಗುತ್ತದೆ. ಆ ತಗ್ಗನ್ನು ತೆರೆದಿಡುವುದಷ್ಟೇ ನಮ್ಮ ಕೆಲಸ. ಮುಂದಿನ ಮುಂಗಾರಿನಲ್ಲಿ ನಿಮ್ಮ ಹೊಲದ ಬದುವಿನಾಚೆ ಎರಡು ದಿನವಷ್ಟೇ ಹರಿಯುವ ನೀರಿನ ಗೆರೆಯೊಂದು ಕಂಡರೆ, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆಂದು ಒಂದಿಷ್ಟು ದೂರ ಅದರ ಜೊತೆ ನಡೆದು ನೋಡಿ. ಮನೆಗೆ ಬಂದು ಮಕ್ಕಳಿಗೆ ಹೇಳಿ.